ಬುಡನ್ ಸಾಬರ ಹೆಸರಿನ ಮುಂದೆ

ಬುಡನ್ ಸಾಬರನ್ನು ನಾನು ಮೊದಲ ಸಲ ನೋಡಿದ್ದು ಸೊಂಟದಿಂದ ಮೇಲಕ್ಕೆ ಮಾತ್ರ. ಕೆಳಗಿನ ಅರ್ಧ ಒಂದು ದೊಡ್ಡ ತಾಮ್ರದ ಕೊಪ್ಪರಿಗೆಯೊಳಗಿತ್ತು. ಬೇವಿನ ಕೊಂಬೆಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಆ ಮನುಷ್ಯ ಮೈಯನ್ನು ಎಡಕ್ಕೂ ಬಲಕ್ಕೂ ತಿರುವುತ್ತಿದ್ದರು. ಒಳಗಿಂದ ಕರಕರ ಸದ್ದು ಬರುತ್ತಿತ್ತು. ನಾನು ಹೊನ್ನಾಳಿಗೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿ ಬಂದಿಳಿದ ದಿನ ಅದು. ಕಂಕುಳಲ್ಲಿ ಛತ್ರಿ, ಕೈಯಲ್ಲಿ ಪುಸ್ತಕದ ಗಂಟು, ಹಿಂದೆ ನಮ್ಮವ್ವ. "ಅವ್ವಾ, ಈ ಕಡೆ ಬಾ, ತಲೆ ಕೆಟ್ಟವನಿರಬೇಕು" ಎಂದು ಅವಳ ಸೆರಗು ಹಿಡಿದು ಎಳೆದೆ.

ಕೊಪ್ಪರಿಗೆಯ ಮನುಷ್ಯ ಒಂದು ಕಣ್ಣು ತೆರೆದರು. ಕುಣಿತ ನಿಲ್ಲಿಸಲಿಲ್ಲ.

"ತಲೆ ನೆಟ್ಟಗೈತೆ ಮೇಷ್ಟ್ರೇ. ಕಾಲಷ್ಟೇ ಕುಣೀತಾವೆ."

ನಾವು ಬಾಡಿಗೆಗೆ ಹಿಡಿದಿದ್ದ ಮನೆ ಆ ಬೇವಿನ ಮರದ ಎದುರಿಗೇ ಇತ್ತು, ಮರದ ಹಿಂದಿನದೇ ಅವರ ಮನೆ. ಹಾಗಾಗಿ ಮುಂದಿನ ಆರೇಳು ವರ್ಷ ದಿನ ಬೆಳಗಾದರೆ ನನಗೆ ಕಾಣುತ್ತಿದ್ದದ್ದು ಅವರೇ.

ಕಲಾಯಿ ಎಂದರೇನೆಂದು ಸ್ಟೀಲಿನ ತಟ್ಟೆಯಲ್ಲಿ ಉಂಡು ಬೆಳೆದವರಿಗೆ ಹೇಳಬೇಕಾಗುತ್ತದೆ. ಆಗ ಎಲ್ಲರ ಮನೆಯಲ್ಲೂ ಇದ್ದದ್ದು ತಾಮ್ರ ಹಿತ್ತಾಳೆಯ ಪಾತ್ರೆಗಳು. ಅವುಗಳ ಒಳಮೈಗೆ ತವರದ ತೆಳು ಲೇಪ ಇರಲೇಬೇಕು. ಅದೇ ಕಲಾಯಿ. ಅದು ಸವೆದ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ, ಮೊಸರು ಇಟ್ಟರೆ, ಕಿಲುಬು ಬಿಟ್ಟುಕೊಂಡು ಊಟವೇ ವಿಷವಾಗುತ್ತದೆ. ಬುಡನ್ ಸಾಬರು ಕಲಾಯಿ ಹಾಕುವವರು. ಹೊಳೆಯ ಮರಳು ಹಾಕಿ, ಬರಿಗಾಲಲ್ಲಿ ತಿರುವಿ ತಿರುವಿ ಪಾತ್ರೆಯ ಒಳಮೈ ಉಜ್ಜುವುದಕ್ಕೇ ಆ ಕುಣಿತ. ಆಮೇಲೆ ನೆಲದ ಕುಳಿಯಲ್ಲಿ ಇದ್ದಿಲು ಹೊತ್ತಿಸಿ, ತಿದಿ ಒತ್ತಿ, ಪಾತ್ರೆ ಕೆಂಪಗೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ಒಂದೇ ಒಂದು ಸಲ ತಾಗಿಸಿ ಹತ್ತಿಯಿಂದ ಒರೆಸುತ್ತಿದ್ದರು. ಬಿಳಿ ಹೊಗೆ ಎದ್ದು ನಮ್ಮ ಮನೆಯೊಳಗೆಲ್ಲ ತುಂಬುತ್ತಿತ್ತು. ಹೊಗೆ ಇಳಿಯುವ ಹೊತ್ತಿಗೆ ಪಾತ್ರೆಯ ಒಳಗು ಬೆಳ್ಳಿಯಾಗಿರುತ್ತಿತ್ತು.

ಅಷ್ಟಕ್ಕೇ ಕೆಲಸ ಮುಗಿಯುತ್ತಿರಲಿಲ್ಲ. ಹುಬ್ಬಿನ ಮೇಲೆ ಅವರಿಗೊಂದು ಸುಟ್ಟ ಗಾಯದ ಗೆರೆ ಇತ್ತು, ಕೂದಲೆಳೆಯಷ್ಟು ಸಣ್ಣದು. ಪಾತ್ರೆ ಆರಿದ ಮೇಲೆ ಅದರೊಳಗೆ ಮುಖ ಇಟ್ಟು ಆ ಗೆರೆಯನ್ನು ಹುಡುಕುತ್ತಿದ್ದರು. ಗೆರೆ ಕಾಣದಿದ್ದರೆ ಮತ್ತೆ ಬೆಂಕಿ, ಮತ್ತೆ ಹೊಗೆ. ಕಂಡರೆ ಮಾತ್ರ "ಆತು" ಎನ್ನುತ್ತಿದ್ದರು. ಒಂದು ಸಲ ನಮ್ಮವ್ವ ಒಲೆ ಮೇಲೆ ಏನೋ ಇಟ್ಟು ಬಂದಿದ್ದವಳು ಅವಸರಕ್ಕೆ, "ಸಾಕು ಬಿಡಪ್ಪ, ಆತಲ್ಲ" ಎಂದಳು. ಅವರು ತಿದಿಯ ಮೇಲಿನ ಕೈ ತೆಗೆಯದೆ ಹೇಳಿದರು:

"ಅವ್ವಾ, ನಿಮ್ಮ ಅಡಿಗೆ ಆತು ಅಂತ ನಾನು ಬಂದು ಹೇಳ್ತೀನಾ? ನನ್ನ ಕಲಾಯಿ ಆತು ಅಂತ ನೀವು ಹೇಳಬ್ಯಾಡ್ರಿ."

ನಮ್ಮವ್ವ ಯಾರ ಮಾತನ್ನೂ ಸುಮ್ಮನೆ ಕೇಳಿಸಿಕೊಳ್ಳುವ ಹೆಂಗಸಲ್ಲ. ಅವತ್ತು ಸುಮ್ಮನೆ ಹೋಗಿ ಒಲೆ ಆರಿಸಿ ಬಂದು ಕೂತಳು.

ಅವರು ಕಿವಿಯ ಸಂದಿಯಲ್ಲಿ ಸದಾ ಒಂದು ತುಂಡು ಇದ್ದಿಲು ಸಿಕ್ಕಿಸಿಕೊಂಡಿರುತ್ತಿದ್ದರು. ಯಾವ ಮನೆಯ ಪಾತ್ರೆಯ ಕಲಾಯಿ ಹೋಗಿದೆಯೋ ಅದರ ಹೊಟ್ಟೆಗೆ ಅಡ್ಡ ಒಂದು ಗೀಟು, ಉದ್ದ ಒಂದು ಗೀಟು. ಆ ಗೀಟು ಬಿದ್ದ ಪಾತ್ರೆ ಅವರು ಅಳಿಸುವ ತನಕ ಒಲೆ ಹತ್ತುವಂತಿರಲಿಲ್ಲ. ಹೊನ್ನಾಳಿ ಮಾತ್ರವಲ್ಲ, ಅವರು ಹೆಗಲಿಗೆ ತಿದಿ ಏರಿಸಿಕೊಂಡು ಹೋಗುತ್ತಿದ್ದ ನ್ಯಾಮತಿ, ಚನ್ನಗಿರಿ, ನಲ್ಲೂರು, ಎಲ್ಲ ಕಡೆಯೂ ಇದೇ ಕಾನೂನು. ಒಂದು ಸಂತೆಯ ದಿನ ನಾನೂ ಅವರೂ ಒಟ್ಟಿಗೆ ನ್ಯಾಮತಿಗೆ ಹೋಗಿದ್ದೆವು. ಬೆಲ್ಲದ ಮಂಡಿ ಇಟ್ಟುಕೊಂಡಿದ್ದ ದೊಡ್ಡ ಕುಳವೊಂದರ ಹಿತ್ತಿಲಿಗೆ ಪಾತ್ರೆ ತರಲು ಹೋದವರು, ಅಲ್ಲಿ ಕಲಾಯಿ ಸವೆದ ಹಿತ್ತಾಳೆ ಬೋಗುಣಿಯಲ್ಲಿ ಹೆಪ್ಪು ಹಾಕಿದ್ದ ಮೊಸರನ್ನು ನೋಡಿದರು. ಒಂದು ಮಾತು ಕೇಳಲಿಲ್ಲ. ಬೋಗುಣಿ ಎತ್ತಿ ಮೊಸರನ್ನು ಬಚ್ಚಲಿಗೆ ಸುರಿದುಬಿಟ್ಟರು. ಆ ಮನೆಯಾಕೆ ಬೊಬ್ಬೆ ಹಾಕಿದಳು. ಯಜಮಾನರು ಒಳಗಿಂದ ಬಂದು, ಬೋಗುಣಿ ನೋಡಿ, ಸಾಬರನ್ನು ನೋಡಿ, ಹೆಂಡತಿಗೆ ಹೇಳಿದರು: "ಅವರು ಚೆಲ್ಲಿದ ಮ್ಯಾಲೆ ಮುಗೀತು. ಬೇರೆ ಹಾಲು ಕಾಸು ಹೋಗು."

ವಾಪಸು ಬರುವ ದಾರಿಯಲ್ಲಿ ನಾನು ಕೇಳಿದೆ, ಇನ್ನೊಬ್ಬರ ಮನೆಯದನ್ನು ಹಾಗೆ ಕೇಳದೆ ಚೆಲ್ಲಬಹುದೇ ಎಂದು. "ಕೇಳಾಕೆ ನಿಂತರೆ ಅವರು ಬ್ಯಾಡ ಅಂತಾರೆ ಮೇಷ್ಟ್ರೇ" ಎಂದರು, ಅದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲವೆನ್ನುವಂತೆ.

ಆಮೇಲೆ ಯುದ್ಧ ಬಂತು. ಯುದ್ಧ ಎಲ್ಲೋ ಸಮುದ್ರದ ಆಚೆ ನಡೆದಿತ್ತು. ನಮಗೆ ಅದು ಗೊತ್ತಾದದ್ದು ಅಂಗಡಿಗಳಿಂದ ಒಂದೊಂದೇ ಸಾಮಾನು ಮಾಯವಾದಾಗ. ಸೀಮೆಎಣ್ಣೆ ಹೋಯಿತು, ಬಟ್ಟೆ ಹೋಯಿತು, ಒಂದು ದಿನ ತವರವೂ ಹೋಯಿತು. ತವರ ಬರುತ್ತಿದ್ದ ಮಲಾಯ ಸೀಮೆಯೇ ಶತ್ರುವಿನ ಕೈಗೆ ಸಿಕ್ಕಿತಂತೆ ಎಂದು ಪೇಪರಿನಲ್ಲಿ ಓದಿ ನಾನೇ ಹೇಳಿದ್ದೆ. ಬುಡನ್ ಸಾಬರು ಶಾಲೆಗೆ ಬಂದು, "ನಿಮ್ಮ ನಕಾಶೆಯಾಗೆ ಆ ಮಲಾಯ ಎಲ್ಲೈತೆ ತೋರಿಸ್ರಿ" ಎಂದರು. ತೋರಿಸಿದೆ. ಅದರ ಮೇಲೆ ಹೆಬ್ಬೆರಳು ಇಟ್ಟರು. ಬೆರಳಿನಡಿ ಇಡೀ ದೇಶ ಮುಚ್ಚಿಹೋಯಿತು.

"ಇಷ್ಟೇನಾ?" ಎಂದರು. "ಇಷ್ಟು ಹೋದದ್ದಕ್ಕೆ ನನ್ನ ಒಲೆ ಆರಿತಾ?"

ಸೀಸ ಬೆರೆಸಿದ ಕಡ್ಡಿಗಳನ್ನು ತವರವೆಂದು ಮಾರುವವರು ಆಗ ಹುಟ್ಟಿಕೊಂಡರು. ಸಾಬರು ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸುತ್ತಿದ್ದರು. ಒಳ್ಳೆಯ ತವರ ಬಾಗುವಾಗ ಕಿರ್ರೆಂದು ಸದ್ದು ಮಾಡುತ್ತದೆ. ಸೀಸ ಬಾಯಿ ಬಿಡುವುದಿಲ್ಲ. "ತವರ ಅಳ್ತೈತೆ, ಇದು ಅಳಲ್ಲ, ತಗಂಡು ಹೋಗಪ್ಪ" ಎಂದು ವಾಪಸು ಕೊಡುತ್ತಿದ್ದರು. ಉಳಿದ ಊರುಗಳಲ್ಲಿ ಕಲಾಯಿಯವರು ಅದನ್ನೇ ಕೊಂಡು ಒಲೆ ಹಚ್ಚಿಕೊಂಡರೆಂದು ಕೇಳಿದ್ದೇವೆ. ನಮ್ಮ ಬೇವಿನ ಮರದ ಕೆಳಗೆ ಮಾತ್ರ ಕುಳಿ ತಣ್ಣಗಾಯಿತು.

ಆದರೆ ಅವರು ಮನೆಯಲ್ಲಿ ಕೂರಲಿಲ್ಲ. ತಿದಿ ಬಿಟ್ಟು, ಕಿವಿಯ ಇದ್ದಿಲು ಒಂದನ್ನೇ ನಂಬಿಕೊಂಡು ಮನೆಮನೆ ತಿರುಗತೊಡಗಿದರು. ಯಾರೂ ಕರೆದದ್ದಲ್ಲ, ಯಾರೂ ಏನೂ ಕೊಡುತ್ತಿರಲಿಲ್ಲ. ಪಾತ್ರೆಗಳನ್ನು ಬೆಳಕಿಗೆ ಹಿಡಿದು ನೋಡುವುದು, ಕಲಾಯಿ ಸವೆದದ್ದಕ್ಕೆ ಗೀಟು ಎಳೆಯುವುದು, "ಮಣ್ಣಿನ ಗಡಿಗ್ಯಾಗೆ ಮಾಡ್ಕಳ್ರಿ ಅವ್ವಾ, ತವರ ಬರೋ ತನಕ" ಎಂದು ಹೇಳುವುದು. ನಮ್ಮವ್ವ ಅವತ್ತೇ ಹೋಗಿ ಎರಡು ಗಡಿಗೆ ತಂದಳು. ಇಡೀ ಊರೇ ತಂದಿತು. ಅವರ ಗೀಟಿನ ಜೋರು ಅಂಥದ್ದು. ಅವರ ಮನೆಯಲ್ಲಿ ಮಾತ್ರ ಗಡಿಗೆಗೆ ಹಾಕಲು ಏನೂ ಇರಲಿಲ್ಲ.

ಆಗಲೇ ಧಾನ್ಯಕ್ಕೆ ರೇಷನ್ ಬಂದದ್ದು. ಪಟ್ಟಿ ಬರೆಯುವ ಕೆಲಸ ಮೇಷ್ಟ್ರುಗಳ ತಲೆಗೆ ಬಿತ್ತು. ಮನೆಯ ಯಜಮಾನನ ಹೆಸರಿನ ಮುಂದೆ ಅವನ ಕಸುಬು ಬರೆಯಬೇಕು. ಮೈಮುರಿದು ದುಡಿಯುವ ಕೂಲಿಯವರಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಧಾನ್ಯ. ಈ ಸುದ್ದಿ ಹಬ್ಬಿದ್ದೇ ತಡ, ಅಂಗಡಿಸಾಲಿಗೆ ಅಂಗಡಿಸಾಲೇ ಕೂಲಿಯಾಗಿಬಿಟ್ಟಿತು. ಬಟ್ಟೆ ಅಂಗಡಿಯವರೊಬ್ಬರು, "ಬಟ್ಟೆ ಹರಿದೂ ಹರಿದೂ ರಟ್ಟೆ ಬಿದ್ದೋಗ್ಯಾವೆ ಮೇಷ್ಟ್ರೇ, ಕೂಲಿ ಅಂತ್ಲೇ ಬರೀರಿ" ಎಂದರು. ಕಿರಾಣಿ ಅಂಗಡಿಯ ಗುರುಸಿದ್ದಪ್ಪನವರು ಉಂಗುರದ ಕೈ ಚಾಚಿ ತೋಳು ಮಡಿಸಿ ತೋರಿಸಿದರು. ರೇಷನ್ ಧಾನ್ಯ ಅಳೆದು ಕೊಡುವ ಡಿಪೋ ಕೂಡ ಅವರ ಅಂಗಡಿಯಲ್ಲೇ ಇತ್ತು.

"ನಾನು ದಿನಾ ಮೂಟೆ ಎತ್ತಲ್ಲೇನ್ರಿ?"

"ಎತ್ತಿಸ್ತೀರಿ" ಎಂದೆ. 'ಅಂಗಡಿಕಾರ' ಎಂದು ಬರೆದೆ. ಅವರು ನಕ್ಕರು, ಆದರೆ ಆ ನಗು ಕಣ್ಣಿನ ತನಕ ಹೋಗಲಿಲ್ಲ. ನಿನ್ನೆಯ ತನಕ ಸಾವ್ಕಾರ್ರೇ ಎಂದು ಕರೆಯದಿದ್ದರೆ ತಿರುಗಿಯೂ ನೋಡದಿದ್ದ ಜನ ಒಂದು ಹಿಡಿ ಜೋಳಕ್ಕೆ ಯಾವ ಹೆಸರನ್ನಾದರೂ ಅಂಗಿಯ ಹಾಗೆ ತೊಟ್ಟುಕೊಳ್ಳುತ್ತಾರಲ್ಲ ಎಂದು ನನಗೆ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೇ ಬುಡನ್ ಸಾಬರ ಮನೆಗೆ ಹೋದೆ.

ಅವರು ಊರು ತಿರುಗಲು ಹೋಗಿದ್ದರು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಒಳಗಡೆ ಕೂಸು ಅಳುತ್ತಿತ್ತು, ಎಂಟು ದಿನದ್ದು. ಹೆಂಡತಿ ಹುಸೇನವ್ವ ಗಡಿಗೆಯ ತಳ ಕೆರೆದು ಬಾಣಂತಿಗೆ ಗಂಜಿ ಬಗ್ಗಿಸುತ್ತಿದ್ದರು. ನೀರೇ ಹೆಚ್ಚಾಗಿತ್ತು. ನಾನು ಪೆನ್ನು ತೆಗೆದು ಬುಡನ್ ಸಾಬ್ ಎಂಬ ಹೆಸರಿನ ಮುಂದೆ 'ಕೂಲಿ' ಎಂದು ಬರೆದೆ. ಸಾವ್ಕಾರರಿಗೆ ಕೊಡದ ಮಾತನ್ನು ಬಡವರಿಗೆ ಕೊಟ್ಟೆನೆಂದು ಎದೆ ಉಬ್ಬಿತು. ಹುಸೇನವ್ವನಿಗೆ ವಿಷಯ ಹೇಳಿದೆ. ಅವರ ಮುಖ ಬಾಡಿತು.

"ಅವರಿಗೆ ಗೊತ್ತಾದ್ರೆ?"

"ಅವರಿಗೆ ಓದಾಕೆ ಬರ್ತೈತೇನು ಬಿಡ್ರಿ" ಎಂದೆ.

ಓದು ಕಲಿಸಿ ಹೊಟ್ಟೆ ಹೊರೆಯುವ ಮೇಷ್ಟ್ರು ಆಡಿದ ಮಾತು ಅದು. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಮೊದಲ ತಿಂಗಳು ಹುಸೇನವ್ವನೇ ಹೋಗಿ ಧಾನ್ಯ ತಂದರು. ಎರಡನೆಯ ತಿಂಗಳು ಅವರಿಗೆ ಜ್ವರ ಬಂದು ಸಾಬರು ಹೋದರು. ಗುರುಸಿದ್ದಪ್ಪನವರು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದರಂತೆ. "ಬುಡನ್ ಸಾಬ್, ಕೂಲಿ" ಎಂದು ಕರೆದಾಗ ಇವರು ಮುಂದೆ ಹೋಗದೆ ದಾರಿ ಬಿಟ್ಟು ನಿಂತರಂತೆ. ಮತ್ತೆ ಕರೆದಾಗ, "ಅದು ನಾನಲ್ಲ ಸಾವ್ಕಾರ್ರೇ, ನಾನು ಕಲಾಯಿ ಬುಡನ್. ಕೂಲಿ ಬುಡನ್ ಅನ್ನೋರು ಬ್ಯಾರೆ ಯಾರೋ ಇರಬೇಕು" ಎಂದರಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುರುಸಿದ್ದಪ್ಪನವರಿಗೆ ಇಷ್ಟು ದಿನ ಕಾದದ್ದು ಕೈಗೆ ಬಂದಿತ್ತು. "ಮೇಷ್ಟ್ರು ಕೈಯಾರೆ ಬರೆದಾರೆ ಕಣಪ್ಪ. ನನಗೆ ಅಂಗಡಿಕಾರ, ನಿನಗೆ ಕೂಲಿ. ಸರ್ಕಾರದ ಪಟ್ಟಿ ಸುಳ್ಳು ಹೇಳ್ತೈತಾ?"

ಆ ದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋಗಿದ್ದಾಗ ಬುಡನ್ ಸಾಬರು ಶಾಲೆಗೆ ಬಂದರು. ಕೆರ ಹೊರಗೆ ಬಿಟ್ಟು ಒಳಗೆ ಬಂದು ನಿಂತರು. ಕೂರಲಿಲ್ಲ.

"ಮೇಷ್ಟ್ರೇ, ನಾನು ಹಾಕಿದ ಕಲಾಯಿ ಯಾರ ಮನ್ಯಾಗಾದ್ರೂ ಬಿಟ್ಟೈತಾ?"

"ಇಲ್ಲ ಸಾಬ್ರೇ. ಯಾಕೆ?"

"ಯಾರಿಗಾದ್ರೂ ನನ್ನಿಂದ ಹೊಟ್ಟೆ ಕೆಟ್ಟೈತಾ?"

"ಇಲ್ಲ."

"ಮತ್ತೆ ಯಾವ ತಪ್ಪಿಗೆ ನನ್ನ ಕಸುಬು ತೆಗೆದ್ರಿ?"

ಬಾಣಂತಿ, ಕೂಸು, ಗಂಜಿ, ನೀರು ಎಂದು ಏನೇನೋ ತೊದಲಿದೆ. ನಿಮಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು, ಕೂಲಿ ಎಂದರೆ ಅವಮಾನವೇನಲ್ಲ ಎಂದೆ. ಅವರು ತಲೆಯಾಡಿಸಿದರು.

"ಅವಮಾನ ಅಂತ ನಾನೆಲ್ಲಿ ಅಂದೆ? ನಮ್ಮಪ್ಪ ಕೂಲಿ ಮಾಡೇ ನನ್ನ ಸಾಕಿದ್ದು. ಆದ್ರೆ ಕೂಲಿಯವನಿಗೆ ಆತು ಅಂತ ಹೇಳೋನು ಇನ್ನೊಬ್ಬ. ಏಳು ಅಂದ್ರೆ ಏಳಬೇಕು, ಬಿಡು ಅಂದ್ರೆ ಬಿಡಬೇಕು. ಕಸುಬುದಾರ ಅಂದ್ರೆ ಆತು ಅನ್ನೋದನ್ನ ತಾನೇ ಹೇಳೋನು. ಇವತ್ತು ನನ್ನ ಕೈಯಾಗೆ ತವರ ಇಲ್ಲ, ಬೆಂಕಿ ಇಲ್ಲ. ಇದರಾಗೆ ಉಣಬ್ಯಾಡ್ರಿ ಅನ್ನೋ ಒಂದು ಮಾತೈತೆ, ಅಷ್ಟೇ. ಕೂಲಿ ಬಂದು ಹಂಗಂದ್ರೆ ಯಾರು ಕೇಳ್ತಾರೆ ಮೇಷ್ಟ್ರೇ?"

ರೇಷನ್ ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟರು. ಅದನ್ನು ಸರಿ ಮಾಡಿ ಕೊಟ್ಟ ದಿನ ಧಾನ್ಯ ತರುತ್ತೇನೆ, ಅಲ್ಲಿಯ ತನಕ ಬೇಡ ಎಂದು ಹೇಳಿ ಹೋದರು.

ನಾನು ಕಾರ್ಡನ್ನು ಟ್ರಂಕಿನಲ್ಲಿಟ್ಟೆ. ತಿದ್ದಬೇಕಾದರೆ ಮೇಲಿನವರ ಮುಂದೆ ಹೋಗಿ ತಪ್ಪು ಬರೆದೆನೆಂದು ಒಪ್ಪಿಕೊಳ್ಳಬೇಕಿತ್ತು. ಬೈಸಿಕೊಳ್ಳುವ ಹೆದರಿಕೆ. ತಿದ್ದಿದರೆ ಬಾಣಂತಿಯ ಗಂಜಿ ಕಡಿಮೆಯಾಗುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ದಿನ ಕಳೆದರೆ ಹುಸೇನವ್ವ ಬಂದು ಕಾರ್ಡ್ ಕೇಳುತ್ತಾರೆ, ಹೊಟ್ಟೆಗಿಂತ ದೊಡ್ಡದು ಯಾವುದಿದೆ ಎಂದುಕೊಂಡೆ. ಅವರು ಬರಲಿಲ್ಲ. ಹತ್ತು ದಿನವಾದ ಮೇಲೆ ನಮ್ಮವ್ವ ಟ್ರಂಕಿನಲ್ಲಿ ಏನೋ ಹುಡುಕುವಾಗ ಕಾರ್ಡು ಸಿಕ್ಕಿತು. ಆ ಮನೆಯವರು ಹತ್ತು ದಿನ ಏನು ಉಂಡರು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ನಮ್ಮ ಜೋಳದಲ್ಲಿ ಅರ್ಧ ಸೆರಗಿಗೆ ಸುರಿದುಕೊಂಡು ಎದುರು ಮನೆಗೆ ಹೋದಳು. ಬಂದ ಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಗೀಟುಗಳು ಅಳಿಯತೊಡಗಿದ್ದವು. ಮಣ್ಣಿನ ಗಡಿಗೆ ಒಡೆಯುತ್ತದೆ, ಬೇಗ ಬೇಯುವುದಿಲ್ಲ, ಮೊದಲಿನಿಂದಲೂ ಜನಕ್ಕೆ ಬೇಸರವಿತ್ತು. ಈಗ ಒಂದು ನೆಪ ಸಿಕ್ಕಿತು. ಹೊಳೆಯಲ್ಲಿ ಒಬ್ಬಾಕೆ ಬೂದಿ ಹಾಕಿ ಗೀಟು ತಿಕ್ಕುತ್ತಾ, "ಕೂಲಿಯೋನು ಹೇಳ್ದ ಅಂತ ಹಿತ್ತಾಳಿ ಪಾತ್ರೆ ಬಿಸಾಕಾಕಾಗ್ತೈತಾ" ಎಂದದ್ದನ್ನು ನಾನೇ ಕೇಳಿದೆ. ನಾನು ಬರೆದ ಒಂದು ಮಾತು ನನಗಿಂತ ಮೊದಲೇ ಮನೆಮನೆಗೆ ಹೋಗಿ ಬಂದಿತ್ತು. ಆಗಲೂ ಟ್ರಂಕು ತೆಗೆಯಲಿಲ್ಲ ನಾನು.

ಗುರುಸಿದ್ದಪ್ಪನವರ ಮಗಳ ಮದುವೆ ಬಂತು. ಊಟಕ್ಕೆ ಧಾನ್ಯ ಸಾಲದೆ ಬಳಗದವರೂ ಓಣಿಯವರೂ ತಮ್ಮ ಪಾಲಿನದರಲ್ಲಿ ಒಂದೊಂದು ಪಾವು ಬೇಳೆ, ಅಕ್ಕಿ ತಂದುಕೊಟ್ಟಿದ್ದರು. ಎಷ್ಟೋ ತಿಂಗಳ ಮೇಲೆ ಊರವರು ಬೇಳೆಯ ಹುಳಿ ಕಾಣುವ ದಿನ. ಮನೆ ಹಿಂದೆ ಒಲೆ ಹೂಡಿ, ಅದೇ ದೊಡ್ಡ ತಾಮ್ರದ ಕೊಪ್ಪರಿಗೆ ಇಟ್ಟಿದ್ದರು, ನಾನು ಬಂದ ದಿನ ಸಾಬರು ಕುಣಿಯುತ್ತಿದ್ದದ್ದು ಅದರಲ್ಲೇ. ಚಪ್ಪರದ ಕೆಳಗೆ ಹೆಣ್ಣಿನ ಕಡೆಯವರ ಜೊತೆ ನಾನೂ ಕೂತಿದ್ದೆ. ಹುಳಿಯ ವಾಸನೆ ಬಂದು ಎಲ್ಲರ ಬಾಯಲ್ಲೂ ನೀರೂರಿತ್ತು.

ಬುಡನ್ ಸಾಬರು ಕರೆಯದೆ ಬಂದರು. ಕೊಪ್ಪರಿಗೆಯ ಹೊಟ್ಟೆ ನೋಡಿ ನೇರ ಗುರುಸಿದ್ದಪ್ಪನವರ ಹತ್ತಿರ ಹೋದರು.

"ಸಾವ್ಕಾರ್ರೇ, ಆ ಕೊಪ್ಪರಿಗಿಗೆ ನಾನು ಗೀಟು ಹಾಕಿದ್ದೆ."

"ತೊಳಸಿದೀನಿ."

"ಅದರಾಗೆ ಚೂರೂ ಕಲಾಯಿ ಉಳಿದಿಲ್ರಿ. ಹುಣಸೆಹಣ್ಣು ಹಾಕ್ಯಾರೆ, ಕುದೀತಾ ಐತೆ. ಕಿಲುಬು ಎದ್ದಿರ್ತೈತೆ. ಬಡಿಸಬ್ಯಾಡ್ರಿ, ಕೂಸು ಮಕ್ಕಳು ಅದಾವೆ."

"ಮದುವಿ ಮನ್ಯಾಗೆ ಎಂಥ ಮಾತಾಡ್ತೀಯೋ" ಎಂದರು ಗುರುಸಿದ್ದಪ್ಪನವರು. "ಇದನ್ನೆಲ್ಲ ಹೇಳಾಕೆ ನೀನ್ಯಾರು? ನಿನ್ನ ಕಸುಬು ಏನು ಅಂತ ಪಟ್ಟಿಯಾಗೈತೆ. ಬರೆದೋರು ಇಲ್ಲೇ ಕುಂತಾರೆ, ಬೇಕಾದ್ರೆ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಬುಡನ್ ಸಾಬರೂ ನೋಡಿದರು. ಸಿಟ್ಟಿನಿಂದಲ್ಲ. ನನ್ನಿಂದ ಏನೋ ಒಂದು ಬರುತ್ತದೆಂದು ಕಾಯುವವರ ಹಾಗೆ ನೋಡಿದರು. ಅದು ತಪ್ಪಾಗಿ ಬರೆದದ್ದು, ಅವರು ಕಸುಬುದಾರರು, ಅವರ ಮಾತು ಕೇಳಿ. ಇಷ್ಟೇ ನಾನು ಹೇಳಬೇಕಾಗಿದ್ದದ್ದು. ಬೀಗರು ಕೂತಿದ್ದರು, ಊರಿನ ನಾಲ್ಕು ಜನ ದೊಡ್ಡವರು ಕೂತಿದ್ದರು. ನಾನು ತಲೆ ತಗ್ಗಿಸಿ ಪಂಚೆಯ ಅಂಚು ಸರಿಮಾಡಿಕೊಂಡೆ.

ಸಾಬರು ಮನೆಯ ಹಿಂದಕ್ಕೆ ನಡೆದು, ಚಪ್ಪರಕ್ಕೆ ತಂದು ಮಿಕ್ಕಿದ್ದ ಒಂದು ಬಿದಿರ ಗಳವನ್ನು ಎತ್ತಿ, ಕೊಪ್ಪರಿಗೆಯ ಬುಡಕ್ಕೆ ಕೊಟ್ಟು ಮೀಟಿದರು.

ಊರಿನ ಬೇಳೆಯೆಲ್ಲ ಮಣ್ಣಿನಲ್ಲಿ ಹರಿಯಿತು. ಅಡಿಗೆಯವರು ದೂರ ಹಾರಿದರು. ಸಾಬರ ಬಲಗಾಲಿನ ಮೇಲೆ ಕುದಿಯುವ ಹುಳಿ ಬಿತ್ತು, ಅವರು ಕಾಲು ಎಳೆದುಕೊಳ್ಳಲಿಲ್ಲ. ಮೊದಲು ಅತ್ತವಳು ಒಬ್ಬ ಮುದುಕಿ. ಅವಳು ತನ್ನ ಪಾವು ಬೇಳೆಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತಂದವಳು. ಆ ಅಳು ಕೇಳಿದ ಮೇಲೆ ಎಲ್ಲರಿಗೂ ಸಿಟ್ಟು ನೆತ್ತಿಗೇರಿತು. ಗುರುಸಿದ್ದಪ್ಪನವರ ತಮ್ಮ ಬಂದು ಸಾಬರ ಕೆನ್ನೆಗೆ ಹೊಡೆದ. ಇನ್ನೊಬ್ಬ ನೂಕಿದ. ಅವರು ಕೈ ಎತ್ತಲಿಲ್ಲ, ಕುಂಟುತ್ತಾ ಹೊರಗೆ ಹೋದರು. ನಾವು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆವು. ಉಣ್ಣುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಅನ್ನ ಚೆಲ್ಲಿದ ಪಾಪಿ. ಹುಳಿ ಉಣ್ಣದ ಕಾರಣ ಯಾರಿಗೂ ಹೊಟ್ಟೆ ಕೆಡಲಿಲ್ಲ. ಕೆಡದ ಹೊಟ್ಟೆಯನ್ನು ಸಾಕ್ಷಿ ಹಾಕಿ ಯಾರಿಗೆ ಏನು ಹೇಳುವುದು?

ಮರುದಿನ ಬೆಳಗ್ಗೆ ನಾನು ಆ ಹಿತ್ತಿಲಿಗೆ ಹೋದೆ. ಕೊಪ್ಪರಿಗೆ ಬಿದ್ದಲ್ಲೇ ಮಗ್ಗುಲಾಗಿ ಬಿದ್ದಿತ್ತು. ತಿರುಗಿಸಿ ಒಳಗೆ ನೋಡಿದೆ. ತಳದಲ್ಲಿ ಉಳಿದ ಹುಳಿ ಒಣಗಿತ್ತು. ಅದರ ಸುತ್ತ ಗಿಳಿಯ ರೆಕ್ಕೆಯಂಥ ಹಸಿರು ದಟ್ಟವಾಗಿ ಹತ್ತಿಕೊಂಡಿತ್ತು. ಗುರುಸಿದ್ದಪ್ಪನವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಎದ್ದು ಒಂದು ಗೋಣಿತಟ್ಟು ತಂದು ಕೊಪ್ಪರಿಗೆಯ ಮೇಲೆ ಹಾಕಿದರು.

"ಯಾರ ಮುಂದೂ ಅನಬ್ಯಾಡ್ರಿ ಮೇಷ್ಟ್ರೇ. ಬೀಗರು ಇನ್ನೂ ಊರಾಗದಾರೆ."

ಅವತ್ತೇ ಟ್ರಂಕಿನಿಂದ ಕಾರ್ಡು ತೆಗೆದೆ. ಮೇಲಿನವರ ಮುಂದೆ ನಿಂತು ಬೈಸಿಕೊಂಡೆ. ನಾನು ಹೆದರಿದ್ದ ಬೈಗುಳ ಅದೆಷ್ಟು ಸಣ್ಣದಾಗಿತ್ತೆಂದರೆ, ಹೊರಗೆ ಬಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಪಟ್ಟಿಯಲ್ಲೂ ಕಾರ್ಡಿನಲ್ಲೂ 'ಕೂಲಿ' ಹೊಡೆದು 'ಕಲಾಯಿ ಕಸುಬುದಾರ' ಎಂದು ಬರೆದು, ಸಹಿ ಮಾಡಿಸಿ, ವಾರದೊಳಗೆ ಎದುರು ಮನೆಗೆ ಹೋದೆ. ಸಾಬರಿರಲಿಲ್ಲ. ಹುಸೇನವ್ವ ಬಾಗಿಲಲ್ಲೇ ನಿಂತು ಹೇಳಿದರು. ಊರಲ್ಲಿ ಯಾರೂ ಅವರನ್ನು ಹೊಸಲಿಗೆ ಸೇರಿಸುತ್ತಿರಲಿಲ್ಲವಂತೆ. ಜಗಳೂರಿನ ಕಡೆ ರಸ್ತೆ ಕೆಲಸ ನಡೆದಿದೆ ಎಂದು ಕೇಳಿ, ನಾಲ್ಕು ಜನರ ಜೊತೆ ಹೋಗಿದ್ದರು. ಕಾರ್ಡು ಕೊಡಲು ಹೋದರೆ ಹುಸೇನವ್ವ ಕೈ ಚಾಚಲಿಲ್ಲ.

"ಅವರ ಕೈಗೆ ಕೊಡ್ರಿ. ಅವರು ಹೂಂ ಅಂದ್ರೆ ನಾನು ತಗಂತೀನಿ."

ಭಾನುವಾರ, ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಏರು ಬಂದಲ್ಲೆಲ್ಲ ಇಳಿದು ನೂಕಿ, ಜಗಳೂರು ಸೇರಿದೆ. ಅವ್ವ ಊರಿಗೆ ಹೋಗಿದ್ದಳು. ಹೊರಡುವ ಅವಸರದಲ್ಲಿ ನಾನೇ ಮೊಸರನ್ನ ಕಲಸಿ ಕೈಗೆ ಸಿಕ್ಕ ಹಿತ್ತಾಳೆ ಡಬ್ಬಿಗೆ ತುಂಬಿಕೊಂಡಿದ್ದೆ. ಅಲ್ಲಿಂದ ಸೊಕ್ಕೆ ಎಂಬ ಹಳ್ಳಿಯ ದಾರಿಯಲ್ಲಿ ಅಷ್ಟು ದೂರ ನಡೆದ ಮೇಲೆ ರಸ್ತೆ ಕೆಲಸ ಕಂಡಿತು. ಒಂದು ಮರ ಇಲ್ಲ. ಜನ ಊಟಕ್ಕೆ ಕೂತಿದ್ದರು. ಬುಡನ್ ಸಾಬರು ಮಣ್ಣು ಹೊರುವ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಬಲಗಾಲಿಗೆ ಬಟ್ಟೆ ಸುತ್ತಿತ್ತು. ಕಿವಿಯಲ್ಲಿ ಇದ್ದಿಲು ಇರಲಿಲ್ಲ. ಗುರುತು ಸಿಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವರ ಮುಂದೆ ನೆಲದ ಮೇಲೆ ಕೂತು ಕಾರ್ಡು ಕೊಟ್ಟೆ. ಕೊಪ್ಪರಿಗೆಯಲ್ಲಿ ಕಂಡ ಹಸಿರನ್ನು ಹೇಳಿದೆ. ನಾನು ಬಾಯಿ ಬಿಡದೆ ಕೂತದ್ದಕ್ಕೆ ತಪ್ಪಾಯಿತು ಎಂದೆ. ಅವರು ಕಾರ್ಡಿನ ಮೇಲೆ ಹೆಬ್ಬೆರಳು ಆಡಿಸಿದರು.

"ಓದ್ರಿ."

"ಬುಡನ್ ಸಾಬ್, ಕಲಾಯಿ ಕಸುಬುದಾರ."

"ಇನ್ನೊಂದ್ಸಲ ಓದ್ರಿ."

ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಾರ್ಡನ್ನು ನನಗೇ ವಾಪಸು ಕೊಟ್ಟರು.

"ಚೆನ್ನಾಗೈತೆ. ಆದ್ರೆ ಈಗ ಅದು ಸುಳ್ಳು. ಈಗ ನಾನು ಕೂಲಿ ಮಾಡ್ತಾ ಇದೀನಿ, ಕೂಲಿ ಅಂತ್ಲೇ ಬರೀರಿ. ಮನ್ಯಾಗೆ ಕೊಡ್ರಿ, ನಾನು ಹೂಂ ಅಂದೆ ಅಂತ ಹೇಳ್ರಿ. ಕೂಸಿಗೆ ನಾಲ್ಕು ಕಾಳು ಹೆಚ್ಚು ಬರ್ಲಿ."

"ತವರ ಬಂದೇ ಬರುತ್ತೆ ಸಾಬ್ರೇ. ಯುದ್ಧ ಮುಗಿದ ಮೇಲೆ..."

"ತವರ ಬರ್ತೈತೆ" ಎಂದರು. ತವರ ಎಂಬ ಮಾತನ್ನಷ್ಟೇ ಒತ್ತಿ ಹೇಳಿದರು.

ಏನು ಮಾಡಬೇಕೋ ತಿಳಿಯದೆ ನಾನು ಡಬ್ಬಿಯನ್ನು ಅವರ ಮುಂದೆ ಇಟ್ಟು, ಊಟ ಮಾಡೋಣ ಎಂದೆ. ಅವರು ಮುಚ್ಚಳ ತೆಗೆದರು. ಮೊಸರನ್ನವನ್ನು ಒಂದು ಬದಿಗೆ ಸರಿಸಿ ಡಬ್ಬಿಯ ಒಳಮೈ ನೋಡಿದರು. ಆ ಕ್ಷಣಕ್ಕೆ ನನಗೆ ಹೊಳೆಯಿತು, ಆ ಡಬ್ಬಿಯ ಕಲಾಯಿ ಹೋಗಿ ಎಷ್ಟು ದಿನವಾಗಿತ್ತೋ. ನಾಚಿಕೆಯಾಯಿತು, ಜೊತೆಗೆ ಖುಷಿಯೂ ಆಯಿತು. ಈಗ ಎತ್ತಿ ಸುರಿಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಸುರಿಯಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಆತೇನ್ರೋ? ಏಳ್ರಿ, ಏಳ್ರಿ" ಎಂದು ಮೇಸ್ತ್ರಿ ದೂರದಿಂದ ಕೂಗಿದ.

ಬುಡನ್ ಸಾಬರು ಥಟ್ಟನೆ ಎದ್ದರು. ಇನ್ನೊಬ್ಬರ ಕೂಗಿಗೆ ಅವರು ಹಾಗೆ ಎದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮುಚ್ಚಳ ಮುಚ್ಚಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ಕಲಾಯಿ ಇಲ್ಲ ಇದಕ್ಕೆ" ಎಂದರು. "ಉಣ್ಣೋದು ಬಿಡೋದು ನಿಮ್ಮಿಷ್ಟ ಮೇಷ್ಟ್ರೇ."

ಮಂಕರಿ ಎತ್ತಿ ತಲೆಗೆ ಸಿಂಬಿ ಇಟ್ಟುಕೊಂಡು ಕುಂಟುತ್ತಾ ಸಾಲು ಸೇರಿಕೊಂಡರು. ಅದೇ ಕೊನೆ. ಯುದ್ಧ ಮುಗಿದು ತವರ ಬಂದ ಮೇಲೂ ಅವರು ಹೊನ್ನಾಳಿಗೆ ಬರಲಿಲ್ಲ. ಹುಸೇನವ್ವನೂ ಮನೆ ಬಿಟ್ಟು ಮಗಳ ಊರಿಗೆ ಹೋದರು. ಬೇವಿನ ಮರದ ಕೆಳಗೆ ಬೇರೆ ಯಾರೋ ಕಲಾಯಿಯವರು ಬಂದು ಕೂತರು. ಕಲಾಯಿ ಆತೇನ್ರಿ ಎಂದು ಅವರು ನಮ್ಮನ್ನೇ ಕೇಳುತ್ತಿದ್ದರು.

ಆ ದಿನ ಸೊಕ್ಕೆ ದಾರಿಯಲ್ಲಿ ನಾನು ಡಬ್ಬಿಯ ಮುಚ್ಚಳ ತೆಗೆದು ಮೊಸರನ್ನವನ್ನೆಲ್ಲ ಮಣ್ಣಿಗೆ ಚೆಲ್ಲಿದೆ. ಚೆಲ್ಲಿ, ಅವರು ನೋಡಲಿ ಎಂದು ಖಾಲಿ ಡಬ್ಬಿ ಹಿಡಿದು ಬಹಳ ಹೊತ್ತು ಬಿಸಿಲಲ್ಲಿ ನಿಂತಿದ್ದೆ. ಅವರು ಆ ಕಡೆ ಮುಖ ಮಾಡಿ ಮಂಕರಿಗೆ ಮಣ್ಣು ತುಂಬುತ್ತಿದ್ದರು.